ಮನೆಯ ಹಕ್ಕು, ಊರಿನ ಆರೋಗ್ಯ



ಮುಂಗಾರು ಆರಂಭವಾಗಿ ಶಿಂಷಾ ತೀರದ ನಮ್ಮ ಊರುಗಳ ಕೆರೆಕಟ್ಟೆಗಳಿಗೆ ನೀರು ಬರುತ್ತಿದೆ. ಅದರ ಹಿಂದೆಯೇ ಜ್ವರವೂ ಬರುತ್ತಿದೆ. ಪ್ರತಿವರ್ಷ ಈ ಹೊತ್ತಿಗೆ ಇದೇ ಪುಟದಲ್ಲಿ ಮಳೆಗಾಲದ ಪಥ್ಯಾಪಥ್ಯಗಳನ್ನು ಕುರಿತು ಬರೆಯುವುದು ನಮ್ಮ ವಾಡಿಕೆ. ಈ ಸಲ ಆಹಾರದ ಪಥ್ಯವನ್ನು ಬದಿಗಿಟ್ಟು, ಊರಿಗೆ ರೋಗ ಬಂದಾಗ ಊರು ಪಾಲಿಸಬೇಕಾದ ಪಥ್ಯವನ್ನು ಕುರಿತು ನಾಲ್ಕು ಮಾತು ಹೇಳಬೇಕೆನಿಸಿದೆ. ಅದಕ್ಕೆ ಕಾರಣ ಕೆಲವು ದಿನಗಳ ಹಿಂದೆ ನಾವು ಕಣ್ಣಾರೆ ಕಂಡ ಒಂದು ಪ್ರಸಂಗ.

ಮದ್ದೂರಿನ ಒಂದು ಬೀದಿಯಲ್ಲಿ ರೋಗಿಯೊಬ್ಬರನ್ನು ನೋಡಿಕೊಂಡು ಹಿಂದಿರುಗುತ್ತಿದ್ದೆವು. ಒಂದು ಮನೆಯ ಗೇಟಿನ ಹೊರಗೆ ಆಶಾ ಕಾರ್ಯಕರ್ತೆಯೊಬ್ಬರು ಟಾರ್ಚನ್ನೂ ದಾಖಲೆ ಪುಸ್ತಕವನ್ನೂ ಹಿಡಿದು ನಿಂತಿದ್ದರು. ಒಳಗೆ ಮನೆಯ ಯಜಮಾನರು ನಿಂತಿದ್ದರು. "ನಮ್ಮನೆ ಒಳಕ್ಕೆ ಬಂದು ಡ್ರಮ್ಮು ಬಗ್ಗಿ ನೋಡಾಕೆ ನಿಮಗ್ಯಾರವ್ವ ಅಧಿಕಾರ ಕೊಟ್ಟೋರು? ನಮ್ಮನೆ, ನಮ್ಮ ನೀರು" ಎಂದು ಅವರು. "ನೀರು ನಿಮ್ದೇ ಕಣಣ್ಣ, ಸೊಳ್ಳೆ ಬೀದಿಗೆಲ್ಲ ಅಲ್ವಾ?" ಎಂದು ಆಕೆ. ಗೇಟು ತೆರೆಯಲಿಲ್ಲ. ಆಕೆ ಪುಸ್ತಕದಲ್ಲಿ ಏನನ್ನೋ ಗುರುತು ಮಾಡಿಕೊಂಡು ಮುಂದಿನ ಮನೆಗೆ ನಡೆದರು.

ಯಾರ ಮಾತು ಸರಿ? ಆಕೆಯ ಮಾತೇ ಸರಿ ಎಂದು ವೈದ್ಯರಾದ ನಾವು ಕೂಡಲೇ ಹೇಳಿಬಿಡಬಹುದು. ಆದರೆ ಆ ಯಜಮಾನರ ಮಾತನ್ನು ಹಾಗೆ ತಳ್ಳಿಹಾಕುವುದು ನ್ಯಾಯವಲ್ಲ. ಅವರ ಬೆನ್ನಿಗೆ ನಮ್ಮ ಸಂವಿಧಾನವಿದೆ. ಖಾಸಗಿತನವು ಮೂಲಭೂತ ಹಕ್ಕು ಎಂದು 2017ರ ಆಗಸ್ಟ್ 24ರಂದು ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಮೂರ್ತಿಗಳ ಪೀಠ ಒಮ್ಮತದಿಂದ ತೀರ್ಪಿತ್ತಿದೆ. ಆ ಮೊಕದ್ದಮೆಯನ್ನು ಹೂಡಿದವರು ನಮ್ಮ ರಾಜ್ಯದ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರೇ. ತನ್ನ ಮನೆ, ತನ್ನ ದೇಹ ತನ್ನದು ಎನ್ನುವುದು ಅಹಂಕಾರದ ಮಾತಲ್ಲ, ಮನುಷ್ಯನ ಘನತೆಯ ಮಾತು. ಹೀಗಾಗಿ ಪ್ರಶ್ನೆ ಇರುವುದು ಆ ಹಕ್ಕು ಉಂಟೋ ಇಲ್ಲವೋ ಎಂಬುದರಲ್ಲಲ್ಲ, ಅದರ ಎಲ್ಲೆ ಯಾವುದು ಎಂಬುದರಲ್ಲಿ.

ಎಲ್ಲೆಯನ್ನು ತಿಳಿಯಲು ಮೊದಲು ರೋಗದ ನಡೆಯನ್ನು ತಿಳಿಯಬೇಕು. ಡೆಂಗ್ಯೂವನ್ನು ಹರಡುವ ಈಡಿಸ್ ಸೊಳ್ಳೆ ಕೊಳಚೆಯಲ್ಲಿ ಹುಟ್ಟುವುದಕ್ಕಿಂತ ಹೆಚ್ಚಾಗಿ ನಾವು ಕೂಡಿಟ್ಟ ತಿಳಿನೀರಿನಲ್ಲಿ ಹುಟ್ಟುತ್ತದೆ. ಡ್ರಮ್ಮು, ಸಿಮೆಂಟ್ ತೊಟ್ಟಿ, ಹೂಕುಂಡದ ತಟ್ಟೆ, ಹಳೆಯ ಟೈರು, ಒಡೆದ ಮಡಕೆ, ಇವೆಲ್ಲ ಅದರ ತವರು. ಎಳನೀರಿನ ದೊಡ್ಡ ಮಾರುಕಟ್ಟೆಯುಳ್ಳ ನಮ್ಮ ಮದ್ದೂರಿನವರಂತೂ ಇನ್ನೊಂದನ್ನು ಮರೆಯಬಾರದು. ಕುಡಿದು ಬಿಸಾಡಿದ ಒಂದೊಂದು ಎಳನೀರು ಬುರುಡೆಯೂ ಒಂದು ಮಳೆ ಬಿದ್ದರೆ ಸೊಳ್ಳೆಯ ತೊಟ್ಟಿಲಾಗುತ್ತದೆ. ಮೊಟ್ಟೆ ಸೊಳ್ಳೆಯಾಗಲು ಏಳರಿಂದ ಹತ್ತು ದಿನ ಸಾಕು. ಆ ಮೊಟ್ಟೆಗಳು ಪಾತ್ರೆಯ ಗೋಡೆಗೆ ಅಂಟಿಕೊಂಡು ನೀರಿಲ್ಲದೆಯೂ ತಿಂಗಳುಗಟ್ಟಲೆ ಬದುಕಬಲ್ಲವು. ಹೀಗಾಗಿ ನೀರು ಚೆಲ್ಲಿದರಷ್ಟೇ ಸಾಲದು, ಪಾತ್ರೆಯ ಒಳಮೈಯನ್ನು ಉಜ್ಜಿ ತೊಳೆಯಬೇಕು. ಈ ಸೊಳ್ಳೆ ಹಗಲಲ್ಲಿ ಕಚ್ಚುತ್ತದೆ. ಹೆಚ್ಚು ದೂರ ಹಾರದು, ಸಾಮಾನ್ಯವಾಗಿ ಹುಟ್ಟಿದ ಜಾಗದಿಂದ 400 ಮೀಟರಿನ ಒಳಗೇ ಸುಳಿದಾಡುತ್ತದೆ.

ಈ ಕೊನೆಯ ಸಂಗತಿಯನ್ನು ಭಕ್ತರು ಮನಸ್ಸಿಟ್ಟು ಗಮನಿಸಬೇಕು. ನಮ್ಮ ಡ್ರಮ್ಮಿನ ಸೊಳ್ಳೆ ದೂರದ ಮೈಸೂರಿಗೆ ಹೋಗದು, ನಮ್ಮ ಪಕ್ಕದ ಮನೆಯ ಮಗುವನ್ನೇ ಕಚ್ಚುತ್ತದೆ. ನಮ್ಮ ಮನೆಯಲ್ಲಿ ಎಲ್ಲರೂ ಗಟ್ಟಿಮುಟ್ಟಾಗಿದ್ದು ಆ ಮಗುವಿಗೆ ಎರಡನೆಯ ಬಾರಿ, ಬೇರೊಂದು ಬಗೆಯ ಡೆಂಗ್ಯೂ ತಗುಲಿದರೆ, ಅದು ಮೊದಲ ಸಲಕ್ಕಿಂತ ಉಗ್ರವಾಗುವ ಸಂಭವವಿದೆ. ಆಸ್ತಿಪತ್ರದಲ್ಲಿ ನಮ್ಮ ಮನೆಗೆ ಚಕ್ಕುಬಂದಿ ಇದೆ. ರೋಗ ಆ ಚಕ್ಕುಬಂದಿಯನ್ನು ಓದುವುದಿಲ್ಲ.

ನಮ್ಮ ಆಯುರ್ವೇದಕ್ಕೆ ಈ ವಿಚಾರ ಹೊಸದಲ್ಲ. ಚರಕಸಂಹಿತೆಯ ವಿಮಾನಸ್ಥಾನದ ಮೂರನೆಯ ಅಧ್ಯಾಯಕ್ಕೆ ಜನಪದೋದ್ಧ್ವಂಸನೀಯ ಎಂದು ಹೆಸರು. ಅಲ್ಲಿ ಗಂಗಾತೀರದ ಕಾಂಪಿಲ್ಯದಲ್ಲಿ ಅಗ್ನಿವೇಶನು ಗುರು ಪುನರ್ವಸು ಆತ್ರೇಯನನ್ನು ಒಂದು ಪ್ರಶ್ನೆ ಕೇಳುತ್ತಾನೆ. ಜನರ ಪ್ರಕೃತಿ ಬೇರೆ, ಆಹಾರ ಬೇರೆ, ಬಲ ಬೇರೆ, ವಯಸ್ಸು ಬೇರೆ; ಹೀಗಿರುವಾಗ ಒಂದೇ ವ್ಯಾಧಿಯಿಂದ ಏಕಕಾಲಕ್ಕೆ ಇಡೀ ನಾಡು ನಾಶವಾಗುವುದು ಹೇಗೆ? ಆತ್ರೇಯನ ಉತ್ತರದ ತಾತ್ಪರ್ಯವಿಷ್ಟು: ಪ್ರಕೃತಿಗಳು ಬೇರೆಯಾದರೂ ವಾಯು, ಜಲ, ದೇಶ, ಕಾಲ ಎಂಬ ನಾಲ್ಕು ಎಲ್ಲರಿಗೂ ಸಮಾನ, ಅವು ಕೆಟ್ಟರೆ ಎಲ್ಲರೂ ಕೆಡುತ್ತಾರೆ. ಸುಶ್ರುತನು ನಿದಾನಸ್ಥಾನದಲ್ಲಿ ಇನ್ನೂ ಮುಂದೆ ಹೋಗಿ, ಜ್ವರ, ಕುಷ್ಠ, ಕ್ಷಯ, ಕಣ್ಣುಬೇನೆ ಮೊದಲಾದವು ಮೈಸೋಂಕು, ಉಸಿರು, ಸಹಭೋಜನ, ಒಂದೇ ಹಾಸಿಗೆ, ಒಬ್ಬರು ಉಟ್ಟ ಬಟ್ಟೆ ಇವುಗಳ ಮೂಲಕ ಒಬ್ಬರಿಂದೊಬ್ಬರಿಗೆ ದಾಟುತ್ತವೆಂದು ಹೇಳಿದ್ದಾನೆ. ಒಬ್ಬೊಬ್ಬ ರೋಗಿಯ ಪ್ರಕೃತಿಯನ್ನೂ ಬೇರೆ ಬೇರೆಯಾಗಿ ನೋಡಿ ಚಿಕಿತ್ಸೆ ಮಾಡು ಎನ್ನುವ ಶಾಸ್ತ್ರವೇ, ಕೆಲವು ರೋಗಗಳ ವಿಷಯದಲ್ಲಿ ಊರನ್ನೇ ರೋಗಿಯೆಂದು ಬಗೆಯಬೇಕೆಂದೂ ಹೇಳಿತು. ಆದ್ದರಿಂದ "ನಮ್ಮದು ಆಯುರ್ವೇದ, ನಮಗೆ ಸರ್ಕಾರದ ನಿಯಮ ಬೇಡ" ಎನ್ನುವವರು ಶಾಸ್ತ್ರವನ್ನು ಅರ್ಧ ಓದಿದವರು.

ಹಾಗಾದರೆ ಸರ್ಕಾರದ ನಿಯಮವೆಂದರೆ ಕಣ್ಣುಮುಚ್ಚಿ ಒಪ್ಪಬೇಕೆ? ಇದಕ್ಕೆ ಉತ್ತರವನ್ನು ನಮ್ಮ ಜಿಲ್ಲೆಯ ನೆಲವೇ 125 ವರ್ಷಕ್ಕೂ ಹಿಂದೆ ಕೊಟ್ಟಿದೆ.

1898ರ ಆಗಸ್ಟಿನಲ್ಲಿ ಪ್ಲೇಗು ಬೆಂಗಳೂರನ್ನು ಹೊಕ್ಕಿತು. ಬೇಗನೆ ಮೈಸೂರು ಸೀಮೆಗೂ ಹರಡಿತು. ಅದರ ಹಿಂದಿನ ವರ್ಷವೇ ಬ್ರಿಟಿಷ್ ಸರ್ಕಾರ ಸಾಂಕ್ರಾಮಿಕ ರೋಗಗಳ ಕಾಯ್ದೆಯನ್ನು ತಂದಿತ್ತು. ನಾಲ್ಕೇ ಕಲಮುಗಳ ಆ ಕಾಯ್ದೆಯಲ್ಲಿ ಅಧಿಕಾರಕ್ಕೆ ಎಲ್ಲೆಯಿರಲಿಲ್ಲ, ಪ್ರಜೆಯ ಹಕ್ಕಿನ ಮಾತೇ ಇರಲಿಲ್ಲ. ಮೈಸೂರು ಸಂಸ್ಥಾನವೂ ಅದೇ ಮಾದರಿಯ ಪ್ಲೇಗ್ ನಿಯಮಗಳನ್ನು ಜಾರಿಗೆ ತಂದಿತು. ಆಗ ಕೆ. ಶೇಷಾದ್ರಿ ಅಯ್ಯರ್ ದಿವಾನರು, ವಿ.ಪಿ. ಮಾಧವರಾಯರು ಪ್ಲೇಗ್ ಕಮಿಷನರು. ಅವರ ಉದ್ದೇಶ ಜೀವ ಉಳಿಸುವುದೇ ಆಗಿತ್ತು, ಅದರಲ್ಲಿ ಸಂಶಯವಿಲ್ಲ. ಆದರೆ ರೋಗಿಯನ್ನು ಮನೆಯವರಿಂದ ಬೇರ್ಪಡಿಸಿ ಒಯ್ಯುವುದು, ಮನೆಮಂದಿಯನ್ನು ಶಿಬಿರಗಳಲ್ಲಿ ಇರಿಸುವುದು, ಪರರು ಮನೆ ಹೊಕ್ಕು ತಪಾಸಣೆ ಮಾಡುವುದು, ಇವೆಲ್ಲ ಜನರ ಕಣ್ಣಿಗೆ ರೋಗಕ್ಕಿಂತ ಘೋರವಾಗಿ ಕಂಡವು. ಅದೇ ವರ್ಷದ ನವೆಂಬರಿನಲ್ಲಿ ಶ್ರೀರಂಗಪಟ್ಟಣದ ಬಳಿಯ ಗಂಜಾಂನಲ್ಲಿ, ಇಂದು ನಾವು ನಿಮಿಷಾಂಬ ದೇವಿಯ ದರ್ಶನಕ್ಕೆ ಹೋಗುವ ಅದೇ ಗಂಜಾಂನಲ್ಲಿ, ಜನ ಪ್ಲೇಗ್ ನಿಯಮಗಳ ವಿರುದ್ಧ ದಂಗೆಯೆದ್ದರು. ಸರ್ಕಾರ ಅದನ್ನು ಬಲಪ್ರಯೋಗದಿಂದ ಅಡಗಿಸಿತು.

ಇಲ್ಲಿ ಗಮನಿಸಬೇಕಾದ ಎರಡು ಸಂಗತಿಗಳಿವೆ. ಮೊದಲನೆಯದು, ಆ ನಿಯಮಗಳನ್ನು ಮಾಡಿದವರಿಗೆ ಪ್ಲೇಗು ಹರಡುವ ದಾರಿಯೇ ಸರಿಯಾಗಿ ತಿಳಿದಿರಲಿಲ್ಲ. ಇಲಿಯ ಮೈಮೇಲಿನ ಚಿಗಟದಿಂದ ಅದು ಮನುಷ್ಯರಿಗೆ ದಾಟುತ್ತದೆಂಬುದು ಎಲ್ಲರೂ ಒಪ್ಪುವ ಹಾಗೆ ಸ್ಥಿರಪಟ್ಟದ್ದು ಆಮೇಲಿನ ವರ್ಷಗಳಲ್ಲಿ. ಮನುಷ್ಯರನ್ನು ಎಳೆದೊಯ್ದರು, ಇಲಿ ಮನೆಯಲ್ಲಿಯೇ ಉಳಿಯಿತು. ಎರಡನೆಯದು ಇನ್ನೂ ಮುಖ್ಯ. ಇಲಿ ಸತ್ತು ಬೀಳತೊಡಗಿದರೆ ಊರಿಗೆ ಊರೇ ಮನೆಗಳನ್ನು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡು ಇರುತ್ತಿತ್ತೆಂದು ನಮ್ಮ ಹಿರಿಯರು ಹೇಳುತ್ತಿದ್ದುದನ್ನು ನಾವು ಬಾಲ್ಯದಲ್ಲಿ ಕೇಳಿದ್ದೇವೆ. ಭಕ್ತರಲ್ಲಿ ವಯಸ್ಸಾದವರೂ ಕೇಳಿರಬಹುದು. ಮನೆ ಬಿಡುವುದು ಎರಡು ಕಡೆಯೂ ಒಂದೇ. ಸಿಪಾಯಿ ಬಿಡಿಸಿದಾಗ ದಂಗೆಯಾದದ್ದು, ಊರಿನ ಹಿರಿಯರು ಕುಳಿತು ತೀರ್ಮಾನಿಸಿದಾಗ ಪದ್ಧತಿಯಾಯಿತು. ಜನ ದಡ್ಡರೆಂದು ನಿಯಮ ಸೋಲುವುದಿಲ್ಲ, ಜನರನ್ನು ದಡ್ಡರೆಂದು ಬಗೆದಾಗ ಸೋಲುತ್ತದೆ.

ಹಳೆಯ ಕಾಲದ ಕಥೆಯೆಂದು ಇದನ್ನು ಬದಿಗಿಡುವ ಹಾಗಿಲ್ಲ. ಕೊರೊನಾ ಕಾಲದಲ್ಲಿ ಇದೇ ಪಾಠವನ್ನು ನಾವು ಮತ್ತೆ ಕಲಿಯಬೇಕಾಯಿತು. 2020ರ ಮಾರ್ಚಿನಲ್ಲಿ ಕೇರಳದ ಗಡಿಯ ರಸ್ತೆಗಳನ್ನು ನಮ್ಮ ರಾಜ್ಯ ಮುಚ್ಚಿತು. ಕೆಲವೆಡೆ ಮಣ್ಣಿನ ದಿಬ್ಬಗಳನ್ನೇ ಹಾಕಲಾಯಿತು. ಕಾಸರಗೋಡು ಭಾಗದವರಿಗೆ, ಅವರಲ್ಲಿ ಎಷ್ಟೋ ಮಂದಿ ನಮ್ಮ ಕನ್ನಡಿಗರೇ, ದೊಡ್ಡ ಕಾಯಿಲೆಗೆಲ್ಲ ಮಂಗಳೂರಿನ ಆಸ್ಪತ್ರೆಗಳೇ ಗತಿ. ತಲಪಾಡಿಯ ಗಡಿಯಲ್ಲಿ ಆಂಬುಲೆನ್ಸುಗಳು ನಿಂತವು. ಚಿಕಿತ್ಸೆ ಸಿಗದೆ ರೋಗಿಗಳು ತೀರಿಕೊಂಡ ವರದಿಗಳು ಬಂದವು. ತುರ್ತು ಚಿಕಿತ್ಸೆಗೆ ಹೋಗುವವರನ್ನು ತಡೆಯುವುದು ಜೀವಿಸುವ ಹಕ್ಕಿನ ಉಲ್ಲಂಘನೆಯೆಂದು ಕೇರಳದ ಉಚ್ಚ ನ್ಯಾಯಾಲಯ ಏಪ್ರಿಲ್ 1ರಂದು ಹೇಳಿತು. ವಿಷಯ ಸರ್ವೋಚ್ಚ ನ್ಯಾಯಾಲಯಕ್ಕೂ ಹೋಗಿ, ತುರ್ತು ರೋಗಿಗಳನ್ನು ಬಿಡುವ ಏರ್ಪಾಡಾಯಿತು. ಸೋಂಕನ್ನು ತಡೆಯಬೇಕೆಂಬ ಉದ್ದೇಶ ಸರಿ. ಆದರೆ ಹೃದಯಾಘಾತವಾದವನನ್ನೂ ತಡೆಯುವ ನಿಯಮ ಯಾವ ರೋಗಕ್ಕೆ ಔಷಧಿ?

ಇನ್ನೊಬ್ಬರ ತಪ್ಪನ್ನು ಹೇಳಿದ ಮೇಲೆ ನಮ್ಮ ತಪ್ಪನ್ನೂ ಹೇಳದಿದ್ದರೆ ಈ ಬರಹಕ್ಕೆ ಅರ್ಥವಿಲ್ಲ. 2021ರ ಬೇಸಿಗೆ, ಎರಡನೆಯ ಅಲೆಯ ದಿನಗಳು. ಹತ್ತಿರದ ಹಳ್ಳಿಯ, ಬಹುಕಾಲದಿಂದ ನಮ್ಮಲ್ಲಿಗೆ ಬರುವ ರೈತರೊಬ್ಬರು ಜ್ವರ, ಕೆಮ್ಮೆಂದು ಬಂದರು. ಪರೀಕ್ಷೆ ಮಾಡಿಸಲೇಬೇಕು, ಇಲಾಖೆಗೆ ತಿಳಿಸಲೇಬೇಕು ಎಂದೆವು. ಅವರು ಕೈಮುಗಿದರು. "ಡಾಕ್ಟ್ರೇ, ನಮ್ಮನೆ ಮುಂದ್ಕೆ ತಗಡು ಹೊಡೆಯೋ ಹಂಗೆ ಮಾಡ್ಬೇಡಿ. ಕರೆಯೋ ಹಸ ಎರಡವೆ. ಆಮೇಲೆ ನಮ್ಮಾಲು ಯಾರೂ ಕೊಳ್ಳಾಕಿಲ್ಲ" ಎಂದರು. ಹಿಂದಿನ ವರ್ಷ ಅವರ ನೆರೆಮನೆಗೆ ತಗಡು ಬಡಿದಿದ್ದರು. ಆ ಮನೆಯವರು ಗುಣವಾಗಿ ತಿಂಗಳಾದರೂ ಊರಿನಲ್ಲಿ ಅವರ ಹಾಲನ್ನು ಯಾರೂ ಮುಟ್ಟಿರಲಿಲ್ಲ. ನಾವು ಕರಗಿದೆವು. ಕಷಾಯ ಕೊಟ್ಟು, ಮೂರು ದಿನ ನೋಡೋಣ ಎಂದು ಸುಮ್ಮನಾದೆವು. ಆ ಮೂರು ದಿನಗಳಲ್ಲಿ ಅವರು ತಮ್ಮನ ಜೊತೆ ಆಲೆಮನೆಯಲ್ಲಿ ಕೆಲಸ ಮಾಡಿದರು. ಎರಡು ವಾರಗಳ ಬಳಿಕ ಅವರು ಚೇತರಿಸಿಕೊಂಡರು. ತಮ್ಮ ಚೇತರಿಸಿಕೊಳ್ಳಲಿಲ್ಲ.

ಸೋಂಕು ಆತನಿಗೆ ಅಣ್ಣನಿಂದಲೇ ಬಂತೆಂದು ಖಂಡಿತವಾಗಿ ಹೇಳಲು ಬಾರದು. ಆದರೆ ಬರಲಿಲ್ಲವೆಂದು ಹೇಳಿಕೊಂಡು ನಿದ್ದೆ ಮಾಡಲೂ ನಮ್ಮಿಂದ ಆಗಲಿಲ್ಲ. ಆ ಮೂರು ದಿನ ನಾವು ಒಬ್ಬ ರೋಗಿಯ ಗುಟ್ಟನ್ನು ಕಾಪಾಡಿದೆವೆಂದು ತಿಳಿದಿದ್ದೆವು. ನಿಜದಲ್ಲಿ ಕಾಪಾಡಿದ್ದು ರೋಗದ ಗುಟ್ಟನ್ನು. ನಮ್ಮ ದೌರ್ಬಲ್ಯಕ್ಕೆ ನೆಪ ಹುಡುಕುತ್ತಿಲ್ಲ. ಆದರೂ ಒಂದು ಮಾತು ಸತ್ಯ: ಆ ರೈತರು ಹೆದರಿದ್ದು ಪರೀಕ್ಷೆಗಲ್ಲ, ತಗಡಿಗೆ. ನಿಯಮದ ಬೆನ್ನಿಗೆ ಅವಮಾನ ಅಂಟಿಕೊಂಡರೆ ರೋಗ ಬಚ್ಚಿಟ್ಟುಕೊಳ್ಳುತ್ತದೆ. ಬಚ್ಚಿಟ್ಟ ರೋಗಕ್ಕೆ ಯಾವ ವೈದ್ಯನಲ್ಲೂ ಮದ್ದಿಲ್ಲ.

ಹೀಗಾಗಿ ನಮ್ಮ ಅಭಿಪ್ರಾಯವಿಷ್ಟೇ: ಸಾಂಕ್ರಾಮಿಕ ಕಾಲದ ನಿಯಮವೂ ಒಂದು ಔಷಧಿ. ಔಷಧಿಯನ್ನು ಕೊಡುವಾಗ ವೈದ್ಯನು ಯಾವ ನಾಲ್ಕನ್ನು ನೋಡುತ್ತಾನೋ ಅವನ್ನೇ ನಿಯಮ ಮಾಡುವವರೂ ನೋಡಬೇಕು.

ಮೊದಲನೆಯದು ನಿದಾನ. ರೋಗ ಹೇಗೆ ಹರಡುತ್ತದೆಂಬುದನ್ನು ತಿಳಿದು ನಿಯಮ ಮಾಡಬೇಕು. ತಿಳಿವಳಿಕೆ ಬದಲಾದಾಗ ನಿಯಮವೂ ಬದಲಾಗಬೇಕು. ಎರಡನೆಯದು ಮಾತ್ರೆ, ಎಂದರೆ ಪ್ರಮಾಣ. ಕಡಿಮೆ ನಿರ್ಬಂಧದಿಂದ ಆಗುವ ಕೆಲಸಕ್ಕೆ ಹೆಚ್ಚು ನಿರ್ಬಂಧ ಸಲ್ಲದು. ಮೂರನೆಯದು ಕಾಲ. ಎಷ್ಟು ದಿನ ಎಂಬುದನ್ನು ಮೊದಲೇ ಹೇಳಬೇಕು. ರೋಗ ಹೋದ ಮೇಲೂ ನಿಯಮ ಉಳಿಯಬಾರದು. ನಾಲ್ಕನೆಯದು ಅನುಪಾನ. ಕಹಿ ಔಷಧಿಯನ್ನು ಜೇನಿನಲ್ಲೋ ಹಾಲಿನಲ್ಲೋ ಕೊಡುತ್ತೇವಲ್ಲವೆ? ಹಾಗೆಯೇ ಮನೆಯಲ್ಲಿರು ಎಂದು ಹೇಳುವವರು ಅವನ ಕೂಲಿಗೆ, ಅವನ ಮನೆಯ ಅಕ್ಕಿಗೆ, ಹಸುವಿನ ಮೇವಿಗೆ ದಾರಿ ತೋರಬೇಕು. ಅನುಪಾನವಿಲ್ಲದ ನಿಯಮವನ್ನು ಬಡವನು ನುಂಗಲಾರ.

ನ್ಯಾಯಾಲಯದ ನಿಲುವೂ ಇದಕ್ಕೆ ಹತ್ತಿರವಾಗಿಯೇ ಇದೆ. ಲಸಿಕೆಯನ್ನು ಕುರಿತ ಜೇಕಬ್ ಪುಲಿಯೆಲ್ ಮೊಕದ್ದಮೆಯಲ್ಲಿ 2022ರ ಮೇ 2ರಂದು ಸರ್ವೋಚ್ಚ ನ್ಯಾಯಾಲಯವು, ಯಾರಿಗೂ ಬಲವಂತವಾಗಿ ಲಸಿಕೆ ಹಾಕುವಂತಿಲ್ಲ, ದೇಹದ ಮೇಲಿನ ಹಕ್ಕು ವ್ಯಕ್ತಿಯದೇ ಎಂದಿತು. ಜೊತೆಗೆ, ಸಮುದಾಯದ ಆರೋಗ್ಯದ ಹಿತಕ್ಕಾಗಿ ಸರ್ಕಾರ ವ್ಯಕ್ತಿಯ ಹಕ್ಕುಗಳ ಮೇಲೆ ತಕ್ಕಷ್ಟು ಮಿತಿ ಹಾಕಬಹುದು, ಆದರೆ ಆ ಮಿತಿ ಪ್ರಮಾಣಬದ್ಧವಾಗಿರಬೇಕು ಎಂದೂ ಹೇಳಿತು. ನಾವು ಲಸಿಕೆಯನ್ನು ಹಾಕಿಸಿಕೊಂಡೆವು, ಕೇಳಿದವರಿಗೆಲ್ಲ ಹಾಕಿಸಿಕೊಳ್ಳಿರೆಂದೇ ಹೇಳಿದೆವು. ಆದರೆ ಕೈಹಿಡಿದು ಹೇಳುವುದು ಬೇರೆ, ಕೈ ತಿರುಚುವುದು ಬೇರೆ.

ಈಗ ಆ ಗೇಟಿನ ಬಳಿಗೆ ಹಿಂದಿರುಗೋಣ. 2024ರಲ್ಲಿ ರಾಜ್ಯದಲ್ಲಿ ಡೆಂಗ್ಯೂ ಪ್ರಕರಣಗಳು 20,000ವನ್ನು ಮೀರಿದಾಗ ಸರ್ಕಾರ ಸೆಪ್ಟೆಂಬರಿನಲ್ಲಿ ಅದನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿ ದಂಡವನ್ನು ಗೊತ್ತುಮಾಡಿತು. ಸೊಳ್ಳೆ ಬೆಳೆಯಲು ಬಿಟ್ಟ ಮನೆಗೆ ನಗರದಲ್ಲಿ 400 ರೂಪಾಯಿ, ಹಳ್ಳಿಯಲ್ಲಿ 200 ರೂಪಾಯಿ. ಅಂಗಡಿ, ಕಚೇರಿ ಮೊದಲಾದವಕ್ಕೆ 1,000 ಮತ್ತು 500. ಕಟ್ಟಡ ಕಟ್ಟುವ ಜಾಗಗಳಿಗೆ 2,000 ಮತ್ತು 1,000. ಈ ನಿಯಮವನ್ನು ನಮ್ಮ ನಾಲ್ಕು ಅಳತೆಗಳಿಂದ ನೋಡಿದರೆ ಏನು ಕಾಣುತ್ತದೆ?

ನಿದಾನ ಸರಿಯಿದೆ, ಸೊಳ್ಳೆ ಎಲ್ಲಿ ಹುಟ್ಟುತ್ತದೆಂಬುದರಲ್ಲಿ ಸಂದೇಹವಿಲ್ಲ. ಮಾತ್ರೆಯೂ ಹಿತಮಿತವಾಗಿದೆ, ಯಾರನ್ನೂ ಕೂಡಿಹಾಕುವುದಿಲ್ಲ, ಯಾರ ಮೈಯನ್ನೂ ಮುಟ್ಟುವುದಿಲ್ಲ, ಹತ್ತು ನಿಮಿಷ ತೊಟ್ಟಿ ನೋಡಿ ಹೋಗುತ್ತಾರೆ. ಕಾಲವೂ ಬಹುಪಾಲು ಮಳೆಗಾಲದ್ದು. ಆದುದರಿಂದ ಆ ಯಜಮಾನರು ಗೇಟು ತೆರೆಯಬೇಕಿತ್ತೆಂಬುದೇ ನಮ್ಮ ನಿಶ್ಚಿತ ಅಭಿಪ್ರಾಯ. ಅವರ ಹಕ್ಕಿಗೆ ಆಗುವ ನಷ್ಟ ಹತ್ತು ನಿಮಿಷ. ಪಕ್ಕದ ಮನೆಯವರಿಗೆ ಆಗಬಹುದಾದ ನಷ್ಟ ಒಂದು ಜೀವ.

ಕೊರತೆಯಿರುವುದು ಅನುಪಾನದಲ್ಲಿ. ಮನೆಗಳಲ್ಲಿ ಡ್ರಮ್ಮುಗಳು ಏಕಿವೆ? ನಲ್ಲಿಯಲ್ಲಿ ನೀರು ದಿನವೂ ಬಾರದಿರುವುದರಿಂದ. ನೀರನ್ನು ಸರಿಯಾಗಿ ಬಿಡದೆ, ಕೂಡಿಟ್ಟವರಿಗೆ ದಂಡ ಹಾಕುವುದು ಕಾಲು ಕಟ್ಟಿ ಓಡು ಎಂದ ಹಾಗೆ. ಸರ್ಕಾರಿ ಆವರಣಗಳಲ್ಲಿ ವರ್ಷಗಟ್ಟಲೆ ನಿಂತ ಹಳೆಯ ವಾಹನಗಳ ಟೈರುಗಳಲ್ಲೂ ಮಳೆನೀರಿದೆ. ಆ ದಂಡವನ್ನು ಯಾರು ಕಟ್ಟಬೇಕು? ಮೊದಲ ಸಲ ತಿಳಿಹೇಳಿ, ತೊಟ್ಟಿಗೆ ಮುಚ್ಚಳವನ್ನೋ ಬಲೆಯನ್ನೋ ಒದಗಿಸಿ, ಮೂರನೆಯ ಸಲವೂ ಕೇಳದಿದ್ದರೆ ದಂಡ ಹಾಕಲಿ. ನಿಯಮ ಎಲ್ಲರಿಗೂ ಒಂದೇ ಆಗಲಿ.

ನಮ್ಮ ಪಂಚಾಚಾರಗಳಲ್ಲಿ ಗಣಾಚಾರವೂ ಇದೆ, ಭೃತ್ಯಾಚಾರವೂ ಇದೆ. ಸಮುದಾಯದ ಹಿತಕ್ಕೆ ಕೇಡಾಗುವಾಗ ಸುಮ್ಮನಿರಬಾರದೆನ್ನುವುದು ಒಂದು. ಎಲ್ಲರಿಗಿಂತ ತಾನು ಕಿರಿಯನೆಂಬ ವಿನಯ ಇನ್ನೊಂದು. ಸಾಂಕ್ರಾಮಿಕ ಕಾಲದಲ್ಲಿ ಮನೆಯೊಡೆಯನಿಗೆ ಗಣಾಚಾರ ನೆನಪಾಗಬೇಕು, ಅಧಿಕಾರಿಗೆ ಭೃತ್ಯಾಚಾರ ನೆನಪಾಗಬೇಕು. ಆಗ ಗೇಟಿನ ಒಳಗೂ ಹೊರಗೂ ಜಗಳಕ್ಕೆ ಎಡೆಯಿರದು.

ವೈದ್ಯರಾಗಿ ಇನ್ನೊಂದು ಎಚ್ಚರಿಕೆ. ಪಪ್ಪಾಯಿ ಎಲೆಯ ರಸ, ಅಮೃತಬಳ್ಳಿಯ ಕಷಾಯ ಇವನ್ನು ನೆಚ್ಚಿ ರಕ್ತಪರೀಕ್ಷೆಯನ್ನು ಮುಂದೂಡಬೇಡಿರಿ. ಜ್ವರ ಇಳಿಯುವ ಹೊತ್ತಿಗೆ ತೀವ್ರ ಹೊಟ್ಟೆನೋವು, ನಿಲ್ಲದ ವಾಂತಿ, ವಸಡು ಅಥವಾ ಮೂಗಿನಲ್ಲಿ ರಕ್ತ, ವಿಪರೀತ ಸುಸ್ತು ಕಂಡರೆ ತಡಮಾಡದೆ ಆಸ್ಪತ್ರೆಗೆ ಸೇರಿಸಿರಿ. ಆಸ್ಪಿರಿನ್, ಐಬುಪ್ರೊಫೇನ್ ಮಾತ್ರೆಗಳನ್ನು ತಾವೇ ಕೊಂಡು ನುಂಗಬೇಡಿರಿ. ರೋಗ ಬಂದುದನ್ನು ಮುಚ್ಚಿಡಬೇಡಿರಿ. ನಿಮ್ಮ ವೈದ್ಯರನ್ನು, ಅವರು ನಾವೇ ಆಗಿದ್ದರೂ ಸರಿಯೆ, ಮುಚ್ಚಿಡಿರೆಂದು ಬೇಡಬೇಡಿರಿ. ನೆರೆಮನೆಯಲ್ಲಿ ರೋಗ ಬಂದರೆ ಅವರ ಮನೆಗೆ ಊಟ ಮುಟ್ಟಿಸಿರಿ, ಗುಣವಾದ ಮೇಲೆ ಅವರ ಹಾಲನ್ನು ಮೊದಲು ನೀವೇ ಕೊಳ್ಳಿರಿ. ದಾಸೋಹದ ಮನೆಯಲ್ಲಿ ಉಂಡು ಬೆಳೆದ ನಮಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ.

ಆ ದಿನ ಮನೆಗೆ ಮರಳಿದವರು ನಮ್ಮ ಚಿಕಿತ್ಸಾಲಯದ ಹಿತ್ತಲನ್ನೊಮ್ಮೆ ನೋಡಿದೆವು. ತೈಲ ಕಾಯಿಸುತ್ತಿದ್ದ ಹಳೆಯ ಕೊಪ್ಪರಿಗೆಯೊಂದು ಮೂಲೆಯಲ್ಲಿತ್ತು. ಅದರೊಳಗಿನ ಮಳೆನೀರಿನಲ್ಲಿ ಲಾರ್ವಾಗಳು ಕುಣಿಯುತ್ತಿದ್ದವು. ಆಶಾ ಕಾರ್ಯಕರ್ತೆ ನಮ್ಮ ಹಿತ್ತಲಿಗೆ ಬಂದಿರಲಿಲ್ಲ. ಡಾಕ್ಟರ ಮನೆಯೆಂದು ಬಿಟ್ಟಿದ್ದರೇನೋ. ಕೊಪ್ಪರಿಗೆಯನ್ನು ಚೆಲ್ಲಿ, ಉಜ್ಜಿ, ಬೋರಲು ಹಾಕಿದೆವು.

ಸೋಮವಾರ ಮನೆ ತೊಳೆದು ಪೂಜೆ ಮಾಡುವ ಪದ್ಧತಿ ನಮ್ಮಲ್ಲಿ ಅನೇಕರದು. ಆ ದಿನವೇ ಡ್ರಮ್ಮು, ತೊಟ್ಟಿ, ಹಿತ್ತಲಿನ ಬುರುಡೆ, ಕುಂಡಗಳನ್ನೂ ನೋಡಿಬಿಡಿರಿ. ವಾರಕ್ಕೊಮ್ಮೆ ಉಜ್ಜಿದರೆ ಮೊಟ್ಟೆ ಸೊಳ್ಳೆಯಾಗುವಷ್ಟು ಅವಕಾಶವೇ ಸಿಗದು. ಗೇಟಿನ ಬಳಿ ಆ ಹೆಣ್ಣುಮಗಳು ನಿಂತರೆ "ಬನ್ನಿ ತಾಯಿ" ಎಂದು ಕರೆದು, ಮೊದಲು ಒಂದು ಲೋಟ ನೀರು ಕೊಡಿರಿ. ಆಮೇಲೆ ತೊಟ್ಟಿ ತೋರಿಸಿರಿ.